ಉಳಿದ ಆ ಮೂರು ಗಂಟೆ ಯಾರ ಪಾಲಿಗೆ ಹೋಯಿತು? ಕೇಂದ್ರ ವಾಣಿಜ್ಯ ಸಚಿವರಿಗೆ ಮದ್ದೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನವಳು. ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಮನೆಯಲ್ಲಿ ಅಪ್ಪ ಎರಡು ಎಕರೆಗೆ ಕಬ್ಬು ಹಾಕುತ್ತಾರೆ, ಅವ್ವ ಒಂದೂವರೆ ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆ ಹುಳು ಸಾಕುತ್ತಾಳೆ, ಅತ್ತಿಗೆ ಬೆಳಗ್ಗೆ ಏಳೂವರೆಗೆ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ನಮ್ಮ ಮನೆ ನಡೆಯೋದು ಈ ಮೂರು ದುಡಿಮೆಯಿಂದ. ನನ್ನ ಸಂಬಳ ಆಮೇಲೆ ಸೇರಿದ್ದು.

ಕಳೆದ ಹದಿನೈದು ವರ್ಷದಲ್ಲಿ ಈ ಮೂರು ದುಡಿಮೆಗೂ ಒಂದೊಂದು ಸಲ ಪೆಟ್ಟು ಬಿದ್ದಿದೆ. ಮೂರು ಸಲವೂ ಮಳೆಯಿಂದಲ್ಲ, ರೋಗದಿಂದಲ್ಲ. ದೂರದ ಯಾವುದೋ ಕಚೇರಿಯಲ್ಲಿ ಆಮದು, ರಫ್ತಿನ ನಿಯಮ ಬದಲಾಯಿತು ಅಂತ. ಆ ವಿಷಯಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ದೇಶದೇಶಗಳ ನಡುವೆ ವ್ಯಾಪಾರವೇ ಬೇಡ ಅಂತ ಹೇಳೋಳು ನಾನಲ್ಲ. ಅದರಿಂದ ಲಾಭ ಇದೆ ಅಂತ ನಾನು ನಂಬುತ್ತೇನೆ, ಪ್ರತಿ ವರ್ಷ ಕ್ಲಾಸಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ.

ಪಾಠ ಹೇಗೆ ಮಾಡುತ್ತೇನೆ ಅಂತ ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಮಾತೆಲ್ಲ ಅದರ ಮೇಲೇ ನಿಂತಿದೆ. ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ ಇದೆ. ನಮ್ಮ ಹೊಲಕ್ಕೆ ಇವತ್ತು ನೀವು ಬನ್ನಿ, ನಾಳೆ ನಿಮ್ಮ ಹೊಲಕ್ಕೆ ನಾವು ಬರುತ್ತೇವೆ. ಕೂಲಿ ಇಲ್ಲ, ದುಡಿಮೆಗೆ ದುಡಿಮೆಯೇ ಲೆಕ್ಕ. ನಮ್ಮ ಅವ್ವನಿಗೂ ಪಕ್ಕದ ಮನೆ ಅಕ್ಕನಿಗೂ ಎಷ್ಟೋ ವರ್ಷದಿಂದ ಹೀಗೆ ನಡೆದಿದೆ. ಅವ್ವ ಗಂಟೆಗೆ ಮೂರು ಹೊರೆ ಸೊಪ್ಪು ಕೊಯ್ಯುತ್ತಾಳೆ, ಕಳೆ ತೆಗೆಯಲು ಕೂತರೆ ಮೂರು ಸಾಲು ಮುಗಿಸುತ್ತಾಳೆ ಅಂತ ಇಟ್ಟುಕೊಳ್ಳಿ. ಪಕ್ಕದ ಮನೆ ಅಕ್ಕ ಗಂಟೆಗೆ ಎರಡು ಹೊರೆ ಸೊಪ್ಪು ಕೊಯ್ಯುತ್ತಾರೆ, ಕಳೆ ಒಂದೇ ಸಾಲು. ಎರಡು ಕೆಲಸದಲ್ಲೂ ಅವ್ವನೇ ಮುಂದು. ಹಾಗಾದ್ರೆ ಅವ್ವ ಯಾಕೆ ಅವರ ಜೊತೆ ಮುಯ್ಯಾಳು ಮಾಡಬೇಕು ಅಂತ ಮಕ್ಕಳನ್ನು ಕೇಳುತ್ತೇನೆ. ಅರ್ಧ ಕ್ಲಾಸು ಮಾಡಬಾರದು ಅನ್ನುತ್ತದೆ.

ಆಮೇಲೆ ಬೋರ್ಡಿನ ಮೇಲೆ ಲೆಕ್ಕ ಹಾಕುತ್ತೇವೆ. ಎರಡೂ ಮನೆಗೆ ತಲಾ ಆರು ಹೊರೆ ಸೊಪ್ಪು ಬೇಕು, ಆರು ಸಾಲು ಕಳೆ ಆಗಬೇಕು. ಅವರವರದು ಅವರವರೇ ಮಾಡಿಕೊಂಡರೆ ಅವ್ವನಿಗೆ ನಾಲ್ಕು ಗಂಟೆ, ಅಕ್ಕನಿಗೆ ಒಂಬತ್ತು ಗಂಟೆ, ಒಟ್ಟು ಹದಿಮೂರು. ಎರಡೂ ಹೊಲದ ಕಳೆ ಅವ್ವನೇ ತೆಗೆದು, ಎರಡೂ ಮನೆಯ ಸೊಪ್ಪು ಅಕ್ಕನೇ ಕೊಯ್ದರೆ ಅವ್ವನಿಗೆ ನಾಲ್ಕು, ಅಕ್ಕನಿಗೆ ಆರು, ಒಟ್ಟು ಹತ್ತು. ಅದೇ ಸೊಪ್ಪು, ಅದೇ ಕಳೆ. ಮೂರು ಗಂಟೆ ಉಳಿಯಿತು! ಅಕ್ಕ ಅವ್ವನಿಗಿಂತ ಸೊಪ್ಪು ಕೊಯ್ಯೋದರಲ್ಲಿ ಸ್ವಲ್ಪವೇ ಹಿಂದು, ಕಳೆಯಲ್ಲಿ ಬಹಳ ಹಿಂದು. ಆ ಸ್ವಲ್ಪ ಹಿಂದು ಇರುವ ಕಡೆಯೇ ಅವರ ಮೇಲುಗೈ. ಇದನ್ನೇ ಪುಸ್ತಕದಲ್ಲಿ ತುಲನಾತ್ಮಕ ಅನುಕೂಲ ಅಂತಾರೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಹೇಳಿದ್ದೂ ಇದೇ ಲೆಕ್ಕ. ಬಟ್ಟೆ ಮಾಡಲು ಇಂಗ್ಲೆಂಡಿಗೆ ವರ್ಷಕ್ಕೆ 100 ಜನ ಬೇಕು, ದ್ರಾಕ್ಷಾರಸಕ್ಕೆ 120. ಪೋರ್ಚುಗಲ್‌ಗೆ ಬಟ್ಟೆಗೆ 90, ದ್ರಾಕ್ಷಾರಸಕ್ಕೆ 80. ಬೇರೆ ಬೇರೆ ಮಾಡಿಕೊಂಡರೆ 390 ಜನ ದುಡಿಯಬೇಕು. ಇಂಗ್ಲೆಂಡ್ ಬಟ್ಟೆ, ಪೋರ್ಚುಗಲ್ ದ್ರಾಕ್ಷಾರಸ ಅಂತ ಹಂಚಿಕೊಂಡರೆ 360 ಸಾಕು. ಮೂವತ್ತು ಜನರ ದುಡಿಮೆ ಉಳಿಯುತ್ತದೆ. ಈ ಲೆಕ್ಕದಲ್ಲಿ ತಪ್ಪಿಲ್ಲ, ಇನ್ನೂರು ವರ್ಷ ಆದರೂ ಯಾರೂ ತಪ್ಪು ತೋರಿಸಿಲ್ಲ.

ಆದ್ರೆ ಎರಡು ವಿಷಯವನ್ನು ಈ ಲೆಕ್ಕ ಹೇಳುವುದಿಲ್ಲ. ಉಳಿದ ಮೂರು ಗಂಟೆ ಯಾರ ಪಾಲಿಗೆ ಹೋಯಿತು? ನಾನು ಹಾಕಿದ ಲೆಕ್ಕದಲ್ಲಿ ಅಷ್ಟೂ ಪಕ್ಕದ ಮನೆಗೇ ಹೋಯಿತು, ಅವ್ವನಿಗೆ ನಾಲ್ಕು ಗಂಟೆ ನಾಲ್ಕೇ ಉಳಿಯಿತು. ಊರಲ್ಲಾದರೆ ಇದು ಮಾತಿನಲ್ಲೇ ಬಗೆಹರಿಯುತ್ತದೆ. ಅಕ್ಕ ನಮಗೆ ಇನ್ನೊಂದೆರಡು ಹೊರೆ ಜಾಸ್ತಿ ಕೊಯ್ದು ಕೊಡುತ್ತಾರೆ, ಇಲ್ಲಾ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗೆ) ಹುಳು ಬಿಡುವ ದಿನ ಬಂದು ಕೂರುತ್ತಾರೆ. ದೇಶಗಳ ನಡುವೆ ಹಾಗೆ ಯಾರು ಬಂದು ಕೂರುತ್ತಾರೆ? ಎರಡನೆಯದು, ಅಕ್ಕ ನಡುವೆ ಕೈ ಬಿಟ್ಟರೆ ಏನು ಗತಿ ಅನ್ನೋದು. ರೇಷ್ಮೆ ಹುಳು ನಾಲ್ಕು ಜ್ವರ (ಹುಳು ಪೊರೆ ಕಳಚುವುದಕ್ಕೆ ನಾವು ಹೇಳೋದು ಹೀಗೆ) ದಾಟಿ, ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ತನಕ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲಿನ ಕೊನೆಯ ಒಂದು ವಾರದಲ್ಲಿ. ಹುಳು ಮನೆಯಲ್ಲಿ ನಿಂತರೆ ಮಳೆ ಸುರಿದ ಹಾಗೆ ಸದ್ದು ಕೇಳುತ್ತದೆ, ಅಷ್ಟು ತಿನ್ನುತ್ತವೆ. ಆ ವಾರದ ನಡುವೆ ಪಕ್ಕದ ಮನೆಯವರು ನಾಳೆಯಿಂದ ಬರಲ್ಲ ಅಂದರೆ, ಆ ಬೆಳೆ ಮುಗಿದ ಹಾಗೆ. ಸೊಪ್ಪು ಕೊಯ್ಯೋ ಅಭ್ಯಾಸ ತಪ್ಪಿಹೋದ ಅವ್ವ ಅವತ್ತೇ ಎದ್ದು ಎಲ್ಲ ಮಾಡಿಕೊಳ್ಳೋಕೆ ಆಗಲ್ಲ.

ನೀವು ಮತ್ತು ನಿಮ್ಮ ಹಾಗೆ ಆ ಜಾಗದಲ್ಲಿ ಕೂತವರು ಮಾಡುತ್ತಾ ಬಂದಿರೋದು ಇದನ್ನೇ ಅಂತ ನನಗೆ ಅನ್ನಿಸಿದೆ.

ರೇಷ್ಮೆ ವಿಷಯ ಮೊದಲು. 2011ರ ಫೆಬ್ರವರಿ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದರು. ಒಂದೇ ಏಟಿಗೆ. ನಾನಾಗ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ವಾರದ ಕೊನೆಗೆ ಊರಿಗೆ ಬಂದರೆ ಅವ್ವ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ತಂದ ಚೀಟಿ ತೋರಿಸುತ್ತಿದ್ದಳು. ಹಿಂದಿನ ವರ್ಷ ಸಿಕ್ಕಿದ್ದರ ಅರ್ಧವೂ ಇರುತ್ತಿರಲಿಲ್ಲ. ಗೂಡು ಚೆನ್ನಾಗಿಲ್ಲ ಅಂತ ಯಾರೂ ಹೇಳಲಿಲ್ಲ, ಗೂಡು ಚೆನ್ನಾಗಿಯೇ ಇತ್ತು. ಚೀನಾದ ನೂಲು ಅಷ್ಟು ಕಡಿಮೆಗೆ ಬರುತ್ತಿರುವಾಗ ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಹರಾಜಿನಲ್ಲಿ ಜಾಸ್ತಿ ಕೂಗೋಕೆ ಹೆದರುತ್ತಿದ್ದರು. ರೈತರು ಬೀದಿಗಿಳಿದರು. ನಮ್ಮ ಬೀದಿಯಲ್ಲೇ ಎರಡು ಮನೆಯವರು ಹಿಪ್ಪುನೇರಳೆ ಕಿತ್ತರು. ಒಂದು ಸಲ ನೆಟ್ಟರೆ ಹದಿನೈದು ವರ್ಷ ಸೊಪ್ಪು ಕೊಡುವ ಗಿಡ ಅದು. ಜೆಸಿಬಿ ತರಿಸಿ ಬುಡ ಎತ್ತಿಸಿದರು.

2013ರ ಬಜೆಟ್‌ನಲ್ಲಿ ಸುಂಕ ಮತ್ತೆ 15 ಆಯಿತು. ನಡುವೆ 10ಕ್ಕೆ ಇಳಿದು, 2021ರಲ್ಲಿ ಮತ್ತೆ 15. ಕಾಗದದ ಮೇಲೆ ಸುಂಕ ಹೀಗೆ ಏರಬಹುದು, ಇಳಿಯಬಹುದು. ಕಿತ್ತ ಗಿಡ ವಾಪಸ್ ನಿಲ್ಲಲಿಲ್ಲ. ಆ ಎರಡು ಮನೆಯಲ್ಲಿ ಒಬ್ಬರು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋದರು, ಇನ್ನೊಬ್ಬರು ಜಮೀನು ಗುತ್ತಿಗೆಗೆ ಕೊಟ್ಟರು.

ಇಲ್ಲಿ ನೇಕಾರರ ಮಾತೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ದೊಡ್ಡಬಳ್ಳಾಪುರದ ಮಗ್ಗದವರಿಗಾಗಲಿ, ಬನಾರಸ್‌ನವರಿಗಾಗಲಿ ಮಗ್ಗದ ಹಾಸಿಗೆ, ಅಂದರೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಗಟ್ಟಿಯಾದ, ಒಂದೇ ಸಮನಾದ ನೂಲು ಬೇಕು. ಅವತ್ತು ನಮ್ಮ ಮಿಶ್ರತಳಿ ಗೂಡಿನಲ್ಲಿ ಅಂಥ ನೂಲು ಸಾಕಷ್ಟು ಬರುತ್ತಿರಲಿಲ್ಲ, ಚೀನಾದ ಬೈವೋಲ್ಟೈನ್ (ವರ್ಷಕ್ಕೆ ಎರಡು ಪೀಳಿಗೆ ಬರುವ ತಳಿಯ) ನೂಲಿನಲ್ಲಿ ಬರುತ್ತಿತ್ತು. ಸುಂಕ ಇಳಿದಾಗ ಅವರ ಮನೆಯಲ್ಲಿ ಒಲೆ ಚೆನ್ನಾಗಿ ಉರಿದಿರಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೂರು ಗಂಟೆ ಉಳಿದದ್ದು ನಿಜ. ಅದು ಹೋದದ್ದು ಮಗ್ಗದ ಕಡೆಗೆ ಮತ್ತು ಸೀರೆ ಕೊಳ್ಳುವವರ ಕಡೆಗೆ. ಅದರಲ್ಲಿ ಅರ್ಧ ಗಂಟೆಯನ್ನಾದರೂ ಗೂಡು ಬೆಳೆದವರಿಗೆ ಹಿಂದಿರುಗಿಸಲು ಅವತ್ತಿನ ಬಜೆಟ್‌ನಲ್ಲಿ ದಾರಿ ಇತ್ತಾ ಅಂತಷ್ಟೇ ನನ್ನ ಪ್ರಶ್ನೆ.

ಇನ್ನೊಂದು ಮಾತು. ಚೀನಾದವರಿಗೆ ರೇಷ್ಮೆಯಲ್ಲಿ ಮೇಲುಗೈ ಇದೆ, ನಮಗಿಲ್ಲ, ಹಾಗಾಗಿ ನಾವು ಬಿಟ್ಟುಬಿಡಬೇಕು ಅಂತ ಕೆಲವರು ಸುಲಭವಾಗಿ ಹೇಳುತ್ತಾರೆ. ಮೇಲುಗೈ ಅನ್ನೋದು ದೇವರು ಕೊಟ್ಟು ಕಳಿಸಿದ್ದಲ್ಲ, ಜನ ಕೂತು ಮಾಡಿಕೊಂಡದ್ದು. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾದಾಗ ಮಗ್ಗಗಳು ಬಂದದ್ದು ಸ್ವಿಟ್ಜರ್ಲೆಂಡಿನಿಂದ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರು ವಿ-1 ಅನ್ನೋ ಹಿಪ್ಪುನೇರಳೆ ತಳಿ ತಂದರು, ಜಪಾನಿನವರ ನೆರವಿನಿಂದ ನಮ್ಮ ಬಿಸಿಲಿಗೆ ತಡೆಯುವ ಬೈವೋಲ್ಟೈನ್ ತಳಿಗಳನ್ನು ತಂದರು. ಅವ್ವ ಈಗ ಸಾಕೋದು ಅವನ್ನೇ. ದೇಶದ ಕಚ್ಚಾ ರೇಷ್ಮೆ 2011-12ರಲ್ಲಿ ಸುಮಾರು 23 ಸಾವಿರ ಟನ್ ಇದ್ದದ್ದು 2022-23ಕ್ಕೆ 36 ಸಾವಿರ ಟನ್ ದಾಟಿತು. ಇದಕ್ಕೆಲ್ಲ ವರ್ಷಗಳು ಹಿಡಿದವು. ಸುಂಕವನ್ನು ವರ್ಷಕ್ಕೆ ಇಷ್ಟಿಷ್ಟು ಅಂತ ಮೊದಲೇ ಹೇಳಿ ಇಳಿಸಿದ್ದರೆ, ಆ ಎರಡು ಮನೆಯವರಿಗೂ ಹೊಸ ತಳಿಗೆ ಬದಲಾಗೋಕೆ ಸಮಯ ಸಿಗುತ್ತಿತ್ತು ಅಲ್ವಾ?

ಮಂಡ್ಯದ ಕಬ್ಬೂ ಹೀಗೆ ಕೈಯಾರೆ ಮಾಡಿಕೊಂಡ ಮೇಲುಗೈಯೇ. ವಿಶ್ವೇಶ್ವರಯ್ಯ ನಾಲೆಗೆ ಕನ್ನಂಬಾಡಿ ನೀರು ಬರುವ ಮೊದಲು ಇಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದರು. ಮೈಷುಗರ್ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಅದರ ಹಿಂದಿನ ವರ್ಷವೇ ಜಾವಾ ಸಕ್ಕರೆಯಿಂದ ನಮ್ಮ ದೇಶದ ಕಾರ್ಖಾನೆಗಳನ್ನು ಕಾಪಾಡುವ ಕಾಯ್ದೆ ಬಂದಿತ್ತು. ಅಂದರೆ ಈ ಜಿಲ್ಲೆಯ ಸಕ್ಕರೆ ಬೆಳೆದದ್ದು ಒಂದು ಸುಂಕದ ನೆರಳಿನಲ್ಲಿ. ಸುಂಕ ಅಂದಕೂಡಲೇ ಕೆಟ್ಟದ್ದು ಅನ್ನುವವರು ಒಂದು ಸಲ ಮಂಡ್ಯಕ್ಕೆ ಬಂದು ಹೋಗಲಿ.

2022ರಿಂದ ನಮ್ಮ ತೊಂದರೆ ಅದರ ತಿರುವುಮುರುವು. ಹೊರಗಿನದು ಒಳಗೆ ಬರುತ್ತಿದೆ ಅನ್ನೋ ಚಿಂತೆ ಇಲ್ಲ, ಒಳಗಿನದು ಹೊರಗೆ ಹೋಗೋಕೆ ತಡೆ. 2021-22ರಲ್ಲಿ ದೇಶದಿಂದ ಸುಮಾರು 110 ಲಕ್ಷ ಟನ್ ಸಕ್ಕರೆ ಹೊರಗೆ ಹೋಯಿತು. 2022ರ ಜೂನ್ 1ರಿಂದ ರಫ್ತಿಗೆ ನಿರ್ಬಂಧ ಬಂತು. ಮರುವರ್ಷ ಸುಮಾರು 60 ಲಕ್ಷ ಟನ್‌ಗೆ ಇಳಿಯಿತು, 2023-24ರಲ್ಲಿ ಪೂರ್ತಿ ನಿಂತಿತು. ಆ 2023ರ ಕೊನೆಯಲ್ಲೇ ಹೊರಗಿನ ಪೇಟೆಯಲ್ಲಿ ಸಕ್ಕರೆ ಬೆಲೆ 2011ರ ನಂತರ ಕಾಣದಷ್ಟು ಮೇಲೆ ಹೋಗಿತ್ತು. ಬ್ರೆಜಿಲ್‌ನವರು ಮಾರಿದರು, ನಾವು ನೋಡಿದೆವು.

ನೀವು ಯಾಕೆ ನಿಲ್ಲಿಸಿದಿರಿ ಅಂತ ನನಗೆ ಅರ್ಥವಾಗುತ್ತದೆ. ಆ ವರ್ಷ ಕನ್ನಂಬಾಡಿಯೂ ತುಂಬಲಿಲ್ಲ, ಮಹಾರಾಷ್ಟ್ರದಲ್ಲೂ ಮಳೆ ಕೈಕೊಟ್ಟಿತು. ಹಬ್ಬದ ಹೊತ್ತಿಗೆ ಪೇಟೆಯಲ್ಲಿ ಸಕ್ಕರೆ ಐವತ್ತು ಅರವತ್ತು ಆಗಬಾರದು. ನಾವೂ ಸಕ್ಕರೆ ಕೊಂಡೇ ತಿನ್ನೋದು. ಆದ್ರೆ ದೇಶದ ಎಲ್ಲ ಮನೆಗೂ ಸಕ್ಕರೆ ಕಡಿಮೆಗೆ ಸಿಗಲಿ ಅಂತ ತೀರ್ಮಾನ ಮಾಡಿದ್ದು ಸರ್ಕಾರ, ಅದರ ಖರ್ಚು ಬಿದ್ದದ್ದು ಕಬ್ಬು ಬೆಳೆದವರ ಮೇಲೆ. ಇದು ಹೇಗೆ ಸರಿ? ಕಾರ್ಖಾನೆಗೆ ದುಡ್ಡು ಬಂದರೆ ನಮಗೆ ಬಿಲ್ ಬರುತ್ತದೆ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರವರಿಯಲ್ಲಿ ಕೆಜಿಗೆ 31 ರೂಪಾಯಿ ಆಯಿತು. ಎಫ್‌ಆರ್‌ಪಿ (ಕಬ್ಬಿಗೆ ಕಾರ್ಖಾನೆ ಕೊಡಲೇಬೇಕು ಅಂತ ಕೇಂದ್ರ ಗೊತ್ತು ಮಾಡುವ ಕನಿಷ್ಠ ದರ) 2018-19ರಲ್ಲಿ ಟನ್‌ಗೆ 2,750 ಇದ್ದದ್ದು 2024-25ಕ್ಕೆ 3,400 ಮಾಡಿದಿರಿ, ಒಳ್ಳೆಯದೇ. ಆ 31 ಮಾತ್ರ ಆಗಲೂ 31ರಲ್ಲೇ ಇತ್ತು. ಆ 3,400 ಕೂಡ ನೂರಕ್ಕೆ 10.25 ಸಕ್ಕರೆ ಇಳುವರಿ ಇದ್ದವರಿಗೆ. ಒಂಬತ್ತೂವರೆಗಿಂತ ಕೆಳಗಿದ್ದರೆ 3,151. ಕಬ್ಬು ಕೊಟ್ಟ ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ನೂರಕ್ಕೆ 15 ಬಡ್ಡಿ ಅಂತ 1966ರ ಆದೇಶದಲ್ಲೇ ಇದೆ. ನಾವು ಕಬ್ಬು ಕೊಡುವ ಕಾರ್ಖಾನೆಯಿಂದ ಅಪ್ಪನಿಗೆ ಬಿಲ್ ಬರೋಕೆ ಒಂದು ಸಲ ಐದು ತಿಂಗಳು ಹಿಡಿಯಿತು. ಬಡ್ಡಿ ಕೇಳೋಕೆ ಹೋದವರಿಗೆ ಮುಂದಿನ ಸಲ ಕಟಾವಿಗೆ ಗ್ಯಾಂಗ್ ಬರಲ್ಲ ಅನ್ನೋ ಭಯ.

ಸಕ್ಕರೆ ಬೇಡ, ಎಥನಾಲ್ ಮಾಡಿ ಅಂತ ಹೇಳಿದವರೂ ನೀವೇ. ಕಾರ್ಖಾನೆಗಳು ಸಾಲ ತೆಗೆದು ಡಿಸ್ಟಿಲರಿ ಹಾಕಿದವು. 2023ರ ಡಿಸೆಂಬರ್ 7ರಂದು ಕಬ್ಬಿನ ರಸದಿಂದ ಎಥನಾಲ್ ಮಾಡಬೇಡಿ ಅಂತ ಆದೇಶ ಬಂತು, ಅರೆಯುವ ಹಂಗಾಮು ನಡೆಯುತ್ತಿರುವಾಗಲೇ. ವಾರ ಕಳೆದ ಮೇಲೆ ಸ್ವಲ್ಪ ಸಡಿಲ ಮಾಡಿದರು, 2024ರ ಆಗಸ್ಟ್‌ನಲ್ಲಿ ಪೂರ್ತಿ ತೆಗೆದರು. ನಾಲ್ಕನೇ ಜ್ವರ ಎದ್ದ ಹುಳುವಿನ ಮುಂದೆ ಸೊಪ್ಪಿನ ಬುಟ್ಟಿ ಎತ್ತಿಕೊಂಡ ಹಾಗಾಯಿತು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬಿನವರು 3,500 ಕೊಡಿ ಅಂತ ರಸ್ತೆಯಲ್ಲಿ ಕೂತದ್ದನ್ನು ನೀವೂ ನೋಡಿರುತ್ತೀರಿ. ಆ ಸಿಟ್ಟು ಒಂದು ವಾರದಲ್ಲಿ ಹುಟ್ಟಿದ್ದಲ್ಲ.

ಅತ್ತಿಗೆಯದು ಹೊಸ ಗಾಯ. 2025ರ ಆಗಸ್ಟ್ 7ಕ್ಕೆ ಅಮೆರಿಕ ನಮ್ಮ ಸರಕಿನ ಮೇಲೆ ನೂರಕ್ಕೆ 25 ಸುಂಕ ಹಾಕಿತು. ರಷ್ಯಾದಿಂದ ಎಣ್ಣೆ ಕೊಳ್ಳುತ್ತೀರಿ ಅಂತ ಅದೇ ತಿಂಗಳ 27ನೇ ತಾರೀಕಿನಿಂದ ಇನ್ನೂ 25 ಸೇರಿಸಿತು. ಆ ಹೊತ್ತಿಗೆ ಬಾಂಗ್ಲಾದೇಶ, ವಿಯೆಟ್ನಾಂಗೆ ಇದ್ದದ್ದು 20. ಒಂದೇ ಥರದ ಶರ್ಟು, ಇಲ್ಲಿಂದ ಹೋದರೆ 50, ಅಲ್ಲಿಂದ ಹೋದರೆ 20. ಅತ್ತಿಗೆ ದುಡಿಯುವ ಫ್ಯಾಕ್ಟರಿಯಲ್ಲಿ ಮೊದಲು ಓಟಿ ನಿಂತಿತು. ಆಮೇಲೆ ಒಂದು ಲೈನ್ ಮುಚ್ಚಿದರು, ಟೈಲರ್‌ಗಳನ್ನು ಬೇರೆ ಲೈನಿಗೆ ಹಾಕಿದರು, ಹೆಲ್ಪರ್ ಹುಡುಗಿಯರಿಗೆ ಬರಬೇಡಿ ಅಂದರು. ಹತ್ತು ವರ್ಷ ಕಾಲರ್ ಹೊಲಿದು ಕೈ ಪಳಗಿದ ಹೆಂಗಸು ನಮ್ಮ ಅತ್ತಿಗೆ, ಆ ಪಳಗಿದ ಕೈಯೇ ನಮ್ಮ ದೇಶದ ತುಲನಾತ್ಮಕ ಅನುಕೂಲ, ಬೇರೆ ಏನೂ ಅಲ್ಲ. ಎಣ್ಣೆ ಕೊಂಡವರು ಯಾರೋ, ಅದರ ಲೆಕ್ಕ ತೀರಿದ್ದು ಮದ್ದೂರಿನ ಓಟಿ ದುಡ್ಡಿನಲ್ಲಿ. ಆ ಸುಂಕ ಮುಂದೆ ಎಷ್ಟಾದರೂ ಇಳಿಯಲಿ, ಆ ತಿಂಗಳುಗಳ ಓಟಿ ಇನ್ನು ಬರುವುದಿಲ್ಲ. ಚೀಟಿ ಕಟ್ಟೋಕೆ ಅತ್ತಿಗೆ ಓಲೆ ಅಡವಿಟ್ಟರು.

ಅದಕ್ಕೆ ನೀವು ತೆಗೆದುಕೊಂಡ ಒಂದು ಕ್ರಮ, ಹತ್ತಿಯ ಆಮದು ಸುಂಕವನ್ನು ಆಗಸ್ಟ್‌ನಲ್ಲಿ ಬಿಟ್ಟುಕೊಟ್ಟು ಆಮೇಲೆ ಡಿಸೆಂಬರ್ ಕೊನೆವರೆಗೆ ಮುಂದುವರಿಸಿದ್ದು. ಗಾರ್ಮೆಂಟ್ಸ್‌ಗೆ ಹತ್ತಿ ಅಗ್ಗವಾಗಲಿ ಅಂತ. ಸರಿ, ಆದ್ರೆ ಅದೇ ಹೊತ್ತಿಗೆ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸುತ್ತಿದ್ದರು. ಅವರಿಗೆ ಯಾರು ಏನು ಹೇಳಿದರು? ಅತ್ತಿಗೆಗೆ ಕೊಡಬೇಕಾದ್ದನ್ನು ಕೋಟೆಯ ರೈತರ ಕಿಸೆಯಿಂದ ತೆಗೆಯೋದು ಬೇಡ, ಸರ್ಕಾರದ ಕಿಸೆಯಿಂದ ತೆಗೆಯಿರಿ.

ಅಮೆರಿಕವನ್ನು ಬೈಯೋದು ಸುಲಭ. ನಾವೂ ಹಾಗೆಯೇ ಮಾಡಿದ್ದೇವೆ, ಅದನ್ನೂ ಒಪ್ಪಿಕೊಳ್ಳಬೇಕು. 2023ರ ಜುಲೈ 20ರಂದು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿದೆವು. ಲೋಕದಲ್ಲಿ ವ್ಯಾಪಾರವಾಗುವ ಅಕ್ಕಿಯಲ್ಲಿ ನೂರಕ್ಕೆ ಸುಮಾರು 40 ನಮ್ಮದು. ಮರುತಿಂಗಳೇ ಹೊರಗಿನ ಅಕ್ಕಿ ಬೆಲೆ ಹದಿನೈದು ವರ್ಷದಲ್ಲೇ ಹೆಚ್ಚಿನ ಮಟ್ಟಕ್ಕೆ ಹೋಯಿತು. ಪಶ್ಚಿಮ ಆಫ್ರಿಕಾದಲ್ಲಿ ನಮ್ಮ ಅಕ್ಕಿ ನಂಬಿಕೊಂಡ ತಾಯಂದಿರು ಇದ್ದಾರೆ, ಅವರ ಪಾಲಿಗೆ ನಾವೇ ನಡುವೆ ಕೈ ಬಿಟ್ಟ ಪಕ್ಕದ ಮನೆಯವರು. 2024ರ ಸೆಪ್ಟೆಂಬರ್ ಕೊನೆಯವರೆಗೂ ಆ ಬಾಗಿಲು ಪೂರ್ತಿ ತೆಗೆಯಲಿಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ರಫ್ತು ನಿಲ್ಲಿಸುವ ಅಧಿಕಾರ ನಿಮಗಿರಲಿ. ಯಾವಾಗ ನಿಲ್ಲಿಸುತ್ತೀರಿ ಅಂತ ಒಂದು ನಿಯಮ ಮೊದಲೇ ಬರೆದಿಡಿ. ದೇಶದಲ್ಲಿ ಇಷ್ಟು ಸಕ್ಕರೆ ದಾಸ್ತಾನು ಇದ್ದರೆ ಇಷ್ಟು ಹೊರಗೆ ಬಿಡುತ್ತೇವೆ, ಅದಕ್ಕಿಂತ ಕಡಿಮೆ ಇದ್ದರೆ ಬಿಡಲ್ಲ ಅಂತ. ಆಗ ಕಾರ್ಖಾನೆಯವರೂ ಲೆಕ್ಕ ಹಾಕಿಕೊಳ್ಳುತ್ತಾರೆ, ನಾವೂ ಹಾಕಿಕೊಳ್ಳುತ್ತೇವೆ. ನಿಲ್ಲಿಸಲೇಬೇಕಾದ ವರ್ಷ, ಅದರಿಂದ ಕಡಿಮೆಯಾದ ದರದಲ್ಲಿ ಒಂದು ಪಾಲನ್ನು ಬೆಳೆದವರ ಖಾತೆಗೆ ಹಾಕಿ. ಊಟ ಅಗ್ಗವಾಗಬೇಕು ಅನ್ನೋದು ಇಡೀ ದೇಶದ ಆಸೆಯಾದರೆ ಇಡೀ ದೇಶವೇ ಅದಕ್ಕೆ ದುಡ್ಡು ಹಾಕಲಿ.

ರೇಷ್ಮೆಯಂಥ ಬೆಳೆಗೆ ಸುಂಕ ಬದಲಾಯಿಸುವುದಿದ್ದರೆ ಐದು ವರ್ಷದ ದಾರಿ ಹೇಳಿ ಬದಲಾಯಿಸಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಕೆಲಸ ಹೋದರೆ ತೊಂಬತ್ತು ದಿನದವರೆಗೆ ಅರ್ಧ ಸಂಬಳ ಕೊಡುವ ಇಎಸ್‌ಐನ ಯೋಜನೆ 2018ರಲ್ಲೇ ಬಂದಿದೆ. ಅತ್ತಿಗೆಯ ಲೈನಿನಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ನಾನೇ ಹೋಗಿ ಹೇಳಿದೆ. ಕೆಲಸ ಉಳಿದು ಓಟಿ ಹೋದವರಿಗೆ, ವಾರಕ್ಕೆ ನಾಲ್ಕೇ ದಿನ ಕೆಲಸ ಸಿಕ್ಕವರಿಗೆ ಅದರಲ್ಲಿ ಏನೂ ಇಲ್ಲ. ಹೊರದೇಶದ ಸುಂಕದಿಂದ ಪೆಟ್ಟು ತಿಂದವರು ಅಂತ ಒಂದು ಬೇರೆ ಸಾಲು ಅದಕ್ಕೆ ಸೇರಿಸಿ. ಅಮೆರಿಕದವರು ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಅಂತಲೇ 1962ರಲ್ಲಿ ಒಂದು ಯೋಜನೆ ಮಾಡಿದ್ದರು, ತರಬೇತಿ, ಭತ್ಯೆ ಎಲ್ಲ ಇತ್ತು. 2022ರಲ್ಲಿ ಅದರ ಅವಧಿ ಮುಗಿಯಲು ಬಿಟ್ಟರು. ಅವರು ಬಿಟ್ಟ ಕೆಲಸವನ್ನು ನಾವು ಹಿಡಿಯಬಹುದು.

ಇನ್ನೊಂದು ತುರ್ತು ವಿಷಯ ಇದೆ. ನಾಲೆಗೆ ನೀರು ಬಿಟ್ಟ ಮೇಲೆ ನಮ್ಮಲ್ಲಿ ಹೊಸ ನಾಟಿ ಶುರುವಾಗುತ್ತದೆ. ಇವತ್ತು ಹಾಕಿದ ಕಬ್ಬು ಕಾರ್ಖಾನೆ ಕಾಣೋಕೆ ಹನ್ನೆರಡು ತಿಂಗಳು ಬೇಕು. ಅಷ್ಟರಲ್ಲಿ ರಫ್ತು ಇರುತ್ತದೋ ಇಲ್ಲವೋ, ಎಷ್ಟು ಇರುತ್ತದೆ ಅಂತ ನಾಟಿಗೆ ಮೊದಲು ಒಂದು ಮಾತು ಹೇಳಿಬಿಡಿ. ಆ ಎರಡು ಎಕರೆಗೆ ಕಬ್ಬು ಹಾಕೋದೋ ಭತ್ತ ಹಾಕೋದೋ ಅಂತ ಅಪ್ಪ ಇನ್ನೂ ತೀರ್ಮಾನ ಮಾಡಿಲ್ಲ.

ಇಂತಿ,
ಮದ್ದೂರು ತಾಲ್ಲೂಕಿನ ಒಬ್ಬ ರೈತನ ಮಗಳು